ಬುಗುರಿಯ ಎರಡು ವೇಗಗಳು



ತುಮಕೂರಿನ ಮರಳೂರಿನಿಂದ ಪುದುಚೇರಿಯ ಕಡಲತೀರಕ್ಕೆ ನೇರ ಅಂತರ ಸುಮಾರು 330 ಕಿಲೋಮೀಟರ್. ಅಷ್ಟು ದೂರದಲ್ಲಿ ದಡ ಸೇರುವ ಚಂಡಮಾರುತಕ್ಕೂ ಮರಳೂರಿನ ಸುತ್ತಿನ ರಾಗಿ ಹೊಲಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಉತ್ತರಕ್ಕಾಗಿ 2024ರ 'ಫೆಂಗಲ್' ಚಂಡಮಾರುತವನ್ನು ನೋಡೋಣ.

ಮೊದಲು ಒಂದು ಬುಗುರಿಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಎರಡು ವೇಗಗಳಿವೆ. ತನ್ನ ಸುತ್ತ ತಾನು ಗಿರಗಿರನೆ ತಿರುಗುವ ವೇಗ ಒಂದು. ನೆಲದ ಮೇಲೆ ಮೆಲ್ಲಗೆ ಸರಿಯುವ ವೇಗ ಇನ್ನೊಂದು. ಚಂಡಮಾರುತವೂ ಹೀಗೆಯೇ. ಅದರ ದರ್ಜೆಯನ್ನು ನಿರ್ಧರಿಸುವುದು ಸುತ್ತುವ ಗಾಳಿಯ ವೇಗ. ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ. 51ರಿಂದ 62 ಆದರೆ ತೀವ್ರ ವಾಯುಭಾರ ಕುಸಿತ. 63 ಮುಟ್ಟಿದರೆ ಚಂಡಮಾರುತ. ಈ ಲೆಕ್ಕದಲ್ಲಿ ಸರಿಯುವ ವೇಗಕ್ಕೆ ಸ್ಥಾನವೇ ಇಲ್ಲ ಎಂಬುದನ್ನು ಗಮನಿಸಿ.

ನಡುಗಡಲಿನಲ್ಲಿ ಗಾಳಿಯನ್ನು ಅಳೆಯುವವರು ಯಾರು? ಅಲ್ಲಿ ನಮ್ಮ ಕಣ್ಣು ಇನ್ಸಾಟ್ ಉಪಗ್ರಹಗಳು. ಅಮೆರಿಕದ ಹವಾಮಾನ ತಜ್ಞ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ಒಂದು ಜಾಣ ವಿಧಾನವನ್ನು ರೂಪಿಸಿದರು. ಮೋಡಗಳು ಕೇಂದ್ರದ ಸುತ್ತ ಎಷ್ಟು ಬಿಗಿಯಾಗಿ ಸುರುಳಿಗಟ್ಟಿವೆ, ಅವುಗಳ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು ಚಿತ್ರದಲ್ಲಿ ನೋಡಿ 1ರಿಂದ 8ರವರೆಗೆ ಅಂಕ ಕೊಡುವುದು. ಎರಡೂವರೆ ಅಂಕ ಬಂದರೆ ಅದು ಚಂಡಮಾರುತ. ದಡ ಹತ್ತಿರವಾದಾಗ ಚೆನ್ನೈ, ಕಾರೈಕಾಲ್‌ಗಳಂತಹ ಕಡೆಯ ರೇಡಾರ್‌ಗಳೂ ತೀರದ ವಾಯುಭಾರಮಾಪಕಗಳೂ ನೆರವಿಗೆ ಬರುತ್ತವೆ.

ಇನ್ನು ಸರಿಯುವ ವೇಗ. ಚಂಡಮಾರುತಕ್ಕೆ ಸ್ವಂತ ಕಾಲಿಲ್ಲ. ಹೊಳೆಯ ಸುಳಿಯನ್ನು ನೀರು ಒಯ್ಯುವಂತೆ ಸುತ್ತಲಿನ ವಿಶಾಲ ಗಾಳಿಪ್ರವಾಹ ಅದನ್ನು ಒಯ್ಯುತ್ತದೆ. ಆ ಪ್ರವಾಹ ಸೊರಗಿದರೆ, ಅಥವಾ ಎರಡು ಕಡೆಯ ತಳ್ಳಾಟ ಸರಿಸಮವಾದರೆ, ಚಂಡಮಾರುತ ನಿಂತಲ್ಲೇ ನಿಲ್ಲುತ್ತದೆ.

ಫೆಂಗಲ್ ಮಾಡಿದ್ದು ಇದನ್ನೇ. 2024ರ ನವೆಂಬರ್ 29ರ ಮಧ್ಯಾಹ್ನ ಚಂಡಮಾರುತದ ದರ್ಜೆಗೇರಿದ ಅದು 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿತು. ದರ್ಜೆಯಲ್ಲಿ ಸಾಧಾರಣ; 'ತೀವ್ರ ಚಂಡಮಾರುತ'ವೂ ಆಗಲಿಲ್ಲ. ಆದರೆ ದಡಕ್ಕೆ ಬಂದದ್ದೇ ಸುಮಾರು 12 ಗಂಟೆ ಹೆಚ್ಚುಕಡಿಮೆ ಕದಲದೆ ನಿಂತುಬಿಟ್ಟಿತು. ಡಿಸೆಂಬರ್ 1ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಪುದುಚೇರಿಯಲ್ಲಿ 45 ಸೆಂಟಿಮೀಟರಿಗೂ ಮೀರಿ ಮಳೆಯಾಯಿತು.

ಮುಖ್ಯ ಸಂಗತಿ ಮುಂದಿದೆ. ಡಿಸೆಂಬರ್ 1ರಂದು ಫೆಂಗಲ್ ಬಲ ಕಳೆದುಕೊಳ್ಳುತ್ತ ಚಂಡಮಾರುತದ ದರ್ಜೆಯಿಂದ ಇಳಿಯಿತು. ಆದರೆ ಮರುದಿನ ಬೆಳಗಿನ ಹೊತ್ತಿಗೆ, ಕಡಲಿನಿಂದ ನೂರಕ್ಕೂ ಹೆಚ್ಚು ಕಿ.ಮೀ. ಒಳಗಿರುವ ಊತಂಗರೈಯಲ್ಲಿ ಒಂದೇ ದಿನದ ಮಳೆ ಸುಮಾರು 50 ಸೆಂ.ಮೀ.! ಊತಂಗರೈ ಇರುವುದು ನಮ್ಮ ರಾಜ್ಯದ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯಲ್ಲಿ. ಮುಂದೆ ಆ ಪಳೆಯುಳಿಕೆ ಪಶ್ಚಿಮಕ್ಕೆ ಸರಿದು, ನಮ್ಮ ದಕ್ಷಿಣ ಒಳನಾಡಿಗೂ ಮಳೆ ಸುರಿಸಿ, 3ರ ವೇಳೆಗೆ ಅರಬ್ಬೀ ಸಮುದ್ರ ಸೇರಿತು. ನಮ್ಮ ಭಾಗದಲ್ಲಿ ಅದು ರಾಗಿ ಕೊಯ್ಲಿನ ಕಾಲ.

ಲೆಕ್ಕ ಸರಳ. ಮಳೆ ಮೋಡಗಳ ಹರವು 200 ಕಿ.ಮೀ. ಎಂದುಕೊಳ್ಳಿ; ಗಂಟೆಗೆ 1 ಸೆಂ.ಮೀ. ಮಳೆ. ಅದು ಗಂಟೆಗೆ 20 ಕಿ.ಮೀ.ನಂತೆ ಸಾಗಿದರೆ ಒಂದು ಊರನ್ನು ದಾಟಲು 10 ಗಂಟೆ ಸಾಕು. ಮಳೆ 10 ಸೆಂ.ಮೀ. ಗಂಟೆಗೆ 5 ಕಿ.ಮೀ.ನಂತೆ ತೆವಳಿದರೆ 40 ಗಂಟೆ. ಮಳೆ 40 ಸೆಂ.ಮೀ. ಗಾಳಿಯ ಬಲ ಎರಡರಲ್ಲೂ ಒಂದೇ.

ಟಿ.ವಿ. ಕಾರ್ಯಕ್ರಮ ತಯಾರಿಸುವವನಾಗಿ ನನ್ನನ್ನು ಕಾಡುವ ಪದವೊಂದಿದೆ: 'ದುರ್ಬಲಗೊಂಡಿದೆ'. ಪರದೆಯ ಮೇಲೆ ಈ ಪದ ಬಂದರೆ ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಕೊಯ್ದ ತೆನೆ ಹೊಲದಲ್ಲೇ ಉಳಿಯುತ್ತದೆ. ದುರ್ಬಲವಾದದ್ದು ಗಾಳಿ, ಮಳೆಯಲ್ಲ. ಕಡಲಿನಿಂದ ದೂರವಿರುವ ನಮಗೆ ಗಾಳಿಗಿಂತ ಮಳೆಯೇ ಮುಖ್ಯ.

ಮುಂದಿನ ಸಲ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ನಿಮ್ಮ ಅಟ್ಲಾಸ್ ತೆರೆಯಿರಿ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಕೇಂದ್ರದ ಅಕ್ಷಾಂಶ, ರೇಖಾಂಶ ಇರುತ್ತವೆ. ಆರಾರು ಗಂಟೆಗೊಮ್ಮೆ ಒಂದೊಂದು ಚುಕ್ಕೆ ಇಡಿ. ಅರ್ಧ ಡಿಗ್ರಿ ಉತ್ತರಕ್ಕೆ ಸರಿದಿದ್ದರೆ ಸುಮಾರು 55 ಕಿ.ಮೀ.; ಎಂದರೆ ಗಂಟೆಗೆ 9 ಕಿ.ಮೀ., ಸೈಕಲ್ಲಿಗಿಂತಲೂ ನಿಧಾನ. ಚುಕ್ಕೆಗಳು ಒಂದಕ್ಕೊಂದು ಹತ್ತಿರವಾಗುತ್ತ ಬಂದರೆ, ದರ್ಜೆ ಏನೇ ಇರಲಿ, ಮನೆಯವರಿಗೆ ಹೇಳಿ: ರಾಗಿ ತೆನೆಯನ್ನು ಇಂದೇ ಒಟ್ಟಿ ಮುಚ್ಚಿಡೋಣ, ಕೆರೆಯ ಕೋಡಿಯ ಮೇಲೂ ಒಂದು ಕಣ್ಣಿರಲಿ.