ಆ ಒಂದು ಓವರು

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಎರಡನೇ ಇನಿಂಗ್ಸಿನ ಒಂಬತ್ತು ವಿಕೆಟ್ಟುಗಳೂ ಅನಿಲ್ ಕುಂಬ್ಳೆಯವರವೇ. ಉಳಿದದ್ದು ಒಂದು. ಚೆಂಡು ಮಾತ್ರ ಈಗ ಶ್ರೀನಾಥರ ಕೈಯಲ್ಲಿ. ನಮ್ಮ ಅರಸೀಕೆರೆ ಸೀಮೆಯ ಜಾವಗಲ್ಲನ್ನು ಹೆಸರಲ್ಲೇ ಹೊತ್ತವರು. ವಿಕೆಟ್ ಕೀಳುವುದೇ ಕಸುಬಾದ ಆ ವೇಗಿ, ವಿಕೆಟ್ ಬೀಳದಿರಲೆಂದು ಸ್ಟಂಪಿನಿಂದಾಚೆ ದೂರ ದೂರಕ್ಕೆ ಎಸೆದರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. 74 ರನ್ನಿಗೆ ಹತ್ತು!

ಎಲ್ಲರೂ ನೆನೆಯುವುದು ಆ ಹತ್ತನೆಯದನ್ನು. ನನಗೆ ಅದರ ಹಿಂದಿನ ಓವರೇ ಹೆಚ್ಚು. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತುವಾಗೆಲ್ಲ ಅದು ಕಣ್ಣಿಗೆ ಕಟ್ಟುತ್ತದೆ. ದೃಷ್ಟಿಯುದ್ಧ, ಜಲಯುದ್ಧ ಗೆದ್ದು, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿದ ಆ ಬೆಟ್ಟದ ಬಾಹುಬಲಿ, ನೆಲಕ್ಕಪ್ಪಳಿಸದೆ ಮೆಲ್ಲನೆ ಕೆಳಗಿಳಿಸಿದ.