ಗಾಣದ ಹಾದಿಯಲ್ಲಿ ಬೆಲ್ಲದ ರುಚಿ
(ಭಾಷಣದ ಪಾಠ)



ನಂದಿ ಬೆಟ್ಟದ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ಪಟ್ಟಣದ ಜನ ಹೋಗುತ್ತಾರೆ. ತೋಟದ ದಾರಿಯಲ್ಲಿ ನಡೆದಾಡಿ, ಅಲ್ಲಿಯೇ ತಯಾರಾದ ವೈನಿನ ರುಚಿ ನೋಡಿ, ಮೆಚ್ಚಿದ್ದನ್ನು ಕೊಂಡು ಮರಳುತ್ತಾರೆ. ಈ ಉದ್ಯಮಕ್ಕೆಂದೇ ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮುಖ್ಯ ಬೆಳೆ ಕಬ್ಬು. ಇಲ್ಲಿ ಬಂದವರಿಗೆ ಸವಿಯಲು ಕೊಡಬೇಕಾದುದು ಗಾಣದ ಬೆಲ್ಲ. 2020ರಲ್ಲಿ ಆರಂಭವಾದ ಕಿರು ಆಹಾರ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಗೆ ಆರಿಸಿದ ಉತ್ಪನ್ನವೂ ಬೆಲ್ಲವೇ.

ದಾರಿ ಮತ್ತು ಕಾಲ

ಗೋಕಾಕ ಜಲಪಾತ ನೋಡಲು ಜನ ಮಳೆಗಾಲದಲ್ಲಿ ಬರುತ್ತಾರೆ. ಗಾಣ ನಡೆಯುವುದು ಚಳಿಗಾಲದಲ್ಲಿ. ಆಗ ಧಬಧಬೆಯ ನೀರು ತೆಳುವಾಗಿರುತ್ತದೆ ನಿಜ. ಆದರೆ ಧುಪದಾಳದ ಹಿನ್ನೀರಿಗೆ ದೂರ ದೇಶದ ಹಕ್ಕಿಗಳು ಬಂದಿಳಿಯುವುದೂ ಅದೇ ಕಾಲದಲ್ಲಿ. ಘಟಪ್ರಭಾ ಪಕ್ಷಿಧಾಮ ಘೋಷಿತವಾದದ್ದು 1974ರಲ್ಲಿ. ಬೆಳಗಿನ ತಂಪಿನಲ್ಲಿ ಹಕ್ಕಿ ನೋಡಿ, ಹೊಲದ ಹಾದಿ ಹಿಡಿದು ನಡೆದು ಗಾಣಕ್ಕೆ ಬರುವವನಿಗೆ ಹಸಿವೂ ಇರುತ್ತದೆ, ಸಮಯವೂ ಇರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯನ್ನು ಬಿಟ್ಟು ಒಳದಾರಿಯನ್ನು ತೋರಿಸುವುದು ಕ್ಷೇಮ.

ಬಣ್ಣವೋ, ರುಚಿಯೋ?

ಪೇಟೆಯಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುವುದು ಕಣ್ಣು. ಹಳದಿ ಪೆಂಟೆಗೆ ಹೆಚ್ಚು ಬೆಲೆ, ಕಂದು ಪೆಂಟೆಗೆ ಕಡಿಮೆ. ಆದ್ದರಿಂದಲೇ ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಬೀಳುತ್ತದೆ. ಈ ಪುಡಿ ಬಣ್ಣವನ್ನು ತಾತ್ಕಾಲಿಕವಾಗಿ ಬಿಳುಪಾಗಿಸುತ್ತದೆ. ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಗಂಧಕದ ಅಂಶ ಮಾತ್ರ ತಿನ್ನುವವರ ಹೊಟ್ಟೆ ಸೇರುತ್ತದೆ. 2011ರ ಆಹಾರ ಸುರಕ್ಷತಾ ನಿಯಮಾವಳಿಯು ಬೆಲ್ಲದಲ್ಲಿ ಗಂಧಕದ ಡೈ ಆಕ್ಸೈಡಿಗೆ ಕಿಲೋಗೆ 70 ಮಿಲಿಗ್ರಾಂ ಮಿತಿಯನ್ನು ಹಾಕಿತು. ಕಣ್ಣಳತೆಯಲ್ಲಿ ಪುಡಿ ಸುರಿಯುವ ಗಾಣದಲ್ಲಿ ಈ ಮಿತಿಯನ್ನು ಕಾಯುವವರು ಯಾರು?

ಗಾಣದ ಮುಂದೆ ನಿಂತು ತಿಂದು ನೋಡುವ ಗಿರಾಕಿ ನಾಲಿಗೆಯಿಂದ ಬೆಲೆ ಕಟ್ಟುತ್ತಾನೆ. ಅವನಿಗೆ ಕಂದು ಬೆಲ್ಲದ ಬಗ್ಗೆ ಅಂಜಿಕೆ ಇಲ್ಲ. ಇಂಥ ಗಿರಾಕಿಗಳು ಹೆಚ್ಚಿದಷ್ಟೂ ರೈತನಿಗೆ ಹೈಡ್ರೋಸಿನ ಹಂಗು ತಪ್ಪುತ್ತದೆ. ರುಚಿ ತೋರಿಸುವುದರ ನಿಜವಾದ ಲಾಭ ಇದು.

ರುಚಿ ಹುಟ್ಟುವುದು ಹೊಲದಲ್ಲಿ

ಕೆಟ್ಟ ಕಬ್ಬಿನಿಂದ ಒಳ್ಳೆಯ ಬೆಲ್ಲ ಬರದು. ಘಟಪ್ರಭಾ ಕಾಲುವೆಯ ಕೆಳಗೆ ಅತಿ ನೀರಿನಿಂದ ಸವಳಾದ ಹೊಲಗಳ ಕಬ್ಬು ಉಪ್ಪು ರುಚಿಯ, ಬೇಗ ಜಿನುಗುವ ಬೆಲ್ಲ ಕೊಡುತ್ತದೆ. ಅಂಥಲ್ಲಿ ಬಸಿಗಾಲುವೆ ತೆಗೆಯುವುದು ಮೊದಲ ಕೆಲಸ. ಯೂರಿಯಾವನ್ನು ಅತಿಯಾಗಿ ಅಥವಾ ತಡವಾಗಿ ಹಾಕಿದರೆ ಬೆಲ್ಲ ಕಪ್ಪಾಗಿ ಮೆತ್ತಗಾಗುತ್ತದೆ. ಬೋದು ಏರಿಸುವ ಹೊತ್ತಿಗೆ ಸಾರಜನಕ ಮುಗಿಯಬೇಕು. ಕಟಾವಿಗೆ 10-15 ದಿನ ಮೊದಲು ನೀರು ನಿಲ್ಲಿಸಬೇಕು. ರಿಫ್ರ್ಯಾಕ್ಟೋಮೀಟರಿನಲ್ಲಿ ಬ್ರಿಕ್ಸ್ 18ಕ್ಕಿಂತ ಮೇಲಿದ್ದು, ಬುಡಕ್ಕೂ ತುದಿಗೂ ಹೆಚ್ಚು ಅಂತರವಿಲ್ಲದಿದ್ದರೆ ಕಬ್ಬು ಮಾಗಿದೆ ಎಂದು ತಿಳಿಯಬೇಕು. ಕಡಿದ ಕಬ್ಬನ್ನು 24 ತಾಸಿನೊಳಗೆ ಅರೆಯಬೇಕು. ತಡವಾದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗುವುದಿಲ್ಲ.

ಕೊಪ್ಪರಿಗೆಯಲ್ಲಿ

ರಸವನ್ನು ಸೋಸಿಯೇ ಒಲೆಗೆ ಇಡಬೇಕು. ಹೊಲಸು ತೆಗೆಯಲು ಬೆಂಡೆ ಗಿಡದ ಲೋಳೆ ಸಾಕು. ಸುಣ್ಣದ ತಿಳಿನೀರನ್ನು ಹಿತಮಿತವಾಗಿ ಹಾಕಬೇಕು. ಹೆಚ್ಚಾದರೆ ಬಣ್ಣ ಕಪ್ಪಾಗುತ್ತದೆ. ಮೇಲೆ ಬರುವ ಮಡ್ಡಿಯನ್ನು ಕುದಿ ಜೋರಾಗುವ ಮೊದಲೇ ತೆಗೆಯಬೇಕು. ಸುಮಾರು 106 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಕಾಕವಿ, 118ರ ಆಸುಪಾಸಿನಲ್ಲಿ ಇಳಿಸಿದರೆ ಅಚ್ಚಿನ ಬೆಲ್ಲ. ಒಂದು ಟನ್ ಕಬ್ಬಿನಿಂದ ಸಾಧಾರಣವಾಗಿ 100ರಿಂದ 120 ಕಿಲೋ ಬೆಲ್ಲ ದೊರೆಯುತ್ತದೆ.

ಅತಿಥಿ ಬಂದಾಗ

ಮೊದಲು ಹಾಲು (ರಸ), ಆಮೇಲೆ ಆರಿದ ಕಾಕವಿ, ಕೊನೆಗೆ ಬೆಲ್ಲದ ಚೂರು ಕೊಡಬೇಕು. ನಡುನಡುವೆ ಕುಡಿಯಲು ನೀರು ಇರಲಿ. ಮೊದಲು ಮೂಸಲು ಹೇಳಬೇಕು, ಆಮೇಲೆ ನಾಲಿಗೆಯ ಮೇಲೆ ಕರಗಿಸಿಕೊಳ್ಳಲಿ. ಉಪ್ಪು ಹತ್ತಿದರೆ ಸವಳು ನೆಲ ಅಥವಾ ಸವಳು ನೀರಿನ ಕಬ್ಬು, ಸೀದ ವಾಸನೆ ಬಂದರೆ ಉರಿ ಹೆಚ್ಚಾದದ್ದು, ಹುಳಿ ಬಂದರೆ ಕಬ್ಬು ತಡವಾದದ್ದು. ಎರಡು ಹೊಲಗಳ ಬೆಲ್ಲವನ್ನು ಬೇರೆ ಬೇರೆ ಇಟ್ಟು ತೋರಿಸಿದರೆ ಅತಿಥಿಗೆ ಅಂತರ ತಾನಾಗಿ ತಿಳಿಯುತ್ತದೆ. ರೈತನಿಗೂ ತನ್ನ ಹೊಲದ ದೋಷ ಗೊತ್ತಾಗುತ್ತದೆ.

ಬೆಲ್ಲವಿದ್ದಲ್ಲಿ ನೊಣ ಇದ್ದೇ ಇರುತ್ತದೆ ಎಂದು ಕೈಚೆಲ್ಲಬಾರದು. ಪಾತ್ರೆ ತೊಳೆದಿರಬೇಕು, ಅಚ್ಚುಗಳ ಮೇಲೆ ಬಟ್ಟೆ ಮುಚ್ಚಿರಬೇಕು, ಒಲೆಗೆ ಟೈರು ಹಾಕದೆ ಕಬ್ಬಿನ ಸಿಪ್ಪೆಯನ್ನೇ ಉರಿಸಬೇಕು. ಕೊಪ್ಪರಿಗೆಯ ಸುತ್ತ ಕಟಾಂಜನ ಕಟ್ಟಿ ಮಕ್ಕಳನ್ನು ದೂರವಿರಿಸುವುದು ಕಡ್ಡಾಯ. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿ ಅವಶ್ಯ. ಅರ್ಧ ಮತ್ತು ಒಂದು ಕಿಲೋದ ಸಣ್ಣ ಅಚ್ಚುಗಳನ್ನು ಒಯ್ಯುವುದು ಸುಲಭ. ಪಕ್ಕದಲ್ಲಿ ಗೋಕಾಕದ ಕರದಂಟು ಇಟ್ಟರೆ ಅದೂ ಈ ಬೆಲ್ಲದ ಸಾಕ್ಷಿಯೇ.

ಎಲ್ಲರೂ ಒಮ್ಮೆಲೇ ಇದಕ್ಕೆ ಕೈಹಾಕಬೇಕಿಲ್ಲ. ಈ ಹಂಗಾಮಿನಲ್ಲಿ ಒಂದು ಕೊಪ್ಪರಿಗೆಯನ್ನು ಹೈಡ್ರೋಸ್ ಇಲ್ಲದೆ ಇಳಿಸಿ, ಬಂದವರಿಗೆ ರುಚಿ ತೋರಿಸಿ, ಖರ್ಚು ಹುಟ್ಟುವಳಿಗಳ ಲೆಕ್ಕ ಬರೆದಿಡಿರಿ. ಹೆಚ್ಚಿನ ಸಲಹೆಗೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರವನ್ನಾಗಲಿ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.