ತಕ್ಕಡಿ ಒಂದೇ ಕಡೆ ವಾಲಿದ್ರೆ

ತಾಜಸುಲ್ತಾನಪುರದ, ಕಲಬುರಗಿ ಸೀಮೆಯ ಮಾಸ್ತರುಗಳಿಗೆ ಇವತ್ತೊಂದು ಮಾತು. ಕಾಲೇಜು ಹುಡುಗರಿಗೆ ಒಂದು ಸಿನಿಮಾ ತೋರಿಸ್ರಿ. 2016ರ ‘ಡಿನೈಯಲ್’.

ನಡೆದ ಕಥೆ ಅದು. ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಬ್ರಿಟನ್ನಿನ ಲೇಖಕ ಡೇವಿಡ್ ಇರ್ವಿಂಗ್ ಮಾತ್ರ, ಆಶ್‌ವಿಟ್ಜ್‌ನಲ್ಲಿ ವಿಷಾನಿಲದ ಕೋಣೆಗಳಲ್ಲಿ ಜನರನ್ನು ಕೊಂದದ್ದೇ ಸುಳ್ಳು ಅಂದ. ಅಮೆರಿಕದ ಪ್ರಾಧ್ಯಾಪಕಿ ಡೆಬೊರಾ ಲಿಪ್‌ಸ್ಟಾಟ್ ಈತನ ಬಣ್ಣ ಬಯಲು ಮಾಡಿ ಬರೆದರು. ಆತ ಲಂಡನ್ನಿನಲ್ಲಿ ಮಾನನಷ್ಟ ಕೇಸು ಹಾಕಿದ. ಅಲ್ಲಿಯ ಕಾನೂನು ಹೇಗಿತ್ತು ಗೊತ್ತಾ? ಬರೆದದ್ದು ನಿಜ ಅಂತ ಬರೆದವರೇ ಸಾಬೀತು ಮಾಡಬೇಕು!

ಬದುಕುಳಿದವರನ್ನು ಕರೆತಂದು ಕೋರ್ಟಿನಲ್ಲಿ ಅಳಿಸಿದರಾ? ಇಲ್ಲ. ಅವರನ್ನು ಕಟಕಟೆಗೆ ಹತ್ತಿಸಲೇ ಇಲ್ಲ. ಇತಿಹಾಸಕಾರ ರಿಚರ್ಡ್ ಇವಾನ್ಸ್ ಇರ್ವಿಂಗ್‌ನ ಪುಸ್ತಕಗಳ ಅಡಿಟಿಪ್ಪಣಿ ಹಿಡಿದು, ಮೂಲ ದಾಖಲೆ ತೆಗೆದು ಹೋಲಿಸಿದರು. ತಪ್ಪುಗಳೆಲ್ಲ ಹಿಟ್ಲರನಿಗೆ ಅನುಕೂಲವಾಗುವಂತೆಯೇ ಇದ್ದವು. ತಕ್ಕಡಿ ದಿನಾ ಒಂದೇ ಕಡೆ ವಾಲಿದ್ರೆ ಅದು ಗಾಳಿ ತಪ್ಪೇನ್ರೀ? 2000ರ ಏಪ್ರಿಲ್ 11ಕ್ಕೆ ತೀರ್ಪು ಬಂತು. ಇರ್ವಿಂಗ್ ಸೋತ.

ಇದು ನಮಗ್ಯಾಕೆ ಅಂತೀರಾ? ನಮಗೂ 1948 ಇದೆ. ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಊರವರನ್ನು ಕೊಂದರು. ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಆ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ, ಆಮೇಲೂ, ಮುಸ್ಲಿಮರ ಹತ್ಯೆಗಳಾದವು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಇಡೀ ಸಂಸ್ಥಾನದಲ್ಲಿ ಸತ್ತವರು 27ರಿಂದ 40 ಸಾವಿರ ಅಂತ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ 4 ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಇದ್ದವು. ಆ ವರದಿಯನ್ನು ಸರ್ಕಾರ ದಶಕಗಟ್ಟಲೆ ಪ್ರಕಟಿಸಲಿಲ್ಲ.

ಜರ್ಮನಿಯ ಕಥೆ ಬೇರೆ, ನಮ್ಮದು ಬೇರೆ. ಆದರೆ ‘ಹಂಗೇನೂ ಆಗೇ ಇಲ್ಲ’ ಅನ್ನೋ ಮಾತು ಎರಡೂ ಕಡೆ ಒಂದೇ. ಗೋರಟಾ ಅಂದ್ರೆ ಕೆಲವರು ಉತ್ಪ್ರೇಕ್ಷೆ ಅಂತಾರೆ. ಸುಂದರಲಾಲ್ ವರದಿ ಅಂದ್ರೆ ಇನ್ನು ಕೆಲವರು ಕಟ್ಟುಕಥೆ ಅಂತಾರೆ. ತಮ್ಮವರ ಹೆಣ ಮಾತ್ರ ಎಣಿಸೋದು, ಎದುರಿನವರ ಹೆಣ ಅಳಿಸೋದು. ಇದೂ ವಾಲಿದ ತಕ್ಕಡಿಯೇ.

2024ರಲ್ಲಿ ತೆಲುಗಿನ ‘ರಜಾಕಾರ್’ ಸಿನಿಮಾ ಬಂತು. ಅದನ್ನೂ ಹುಡುಗರು ನೋಡಲಿ. ಆದರೆ ಯಾವ ಸಿನಿಮಾ ಆದರೂ ಸಾಕ್ಷಿ ಅಲ್ಲ, ‘ಡಿನೈಯಲ್’ ಕೂಡ ಅಲ್ಲ. ಪರದೆ ಆರಿದ ಮೇಲೆ ಮಾಸ್ತರು ಕೇಳಬೇಕು: ಇದಕ್ಕೆ ದಾಖಲೆ ಎಲ್ಲಿದೆ? ಇದರಲ್ಲಿ ಬಿಟ್ಟದ್ದೇನು?

1948ರಲ್ಲಿ 10 ವರ್ಷದವರಾಗಿದ್ದವರು ಈಗ 90ರ ಹತ್ತಿರ ಇದ್ದಾರೆ. ಅಂಥ ಹಿರಿಯರು ನಿಮ್ಮೂರಲ್ಲಿದ್ದರೆ ಈ ವಾರವೇ ಹುಡುಗರ ಕೈಗೆ ನೋಟ್‌ಬುಕ್ ಕೊಟ್ಟು ಕಳಿಸ್ರಿ. ಒಂದೇ ಓಣಿಗಲ್ಲ, ಎರಡೂ ಓಣಿಗೆ.